ಬಿಸಿಲಿಗೆ ಕಣ್ಣು ಮುಚ್ಚುವ ಸಿಸಿ ಕ್ಯಾಮೆರಾ: ಕಾವಲುಗಾರನನ್ನು ಕಾಯುವವರು ಯಾರು?

ಹುಣಸೂರಿರಲಿ, ಪಿರಿಯಾಪಟ್ಟಣವಿರಲಿ, ಕೆ.ಆರ್.ನಗರ, ಎಚ್.ಡಿ.ಕೋಟೆಯೇ ಇರಲಿ, ಪೇಟೆ ಬೀದಿಯಲ್ಲಿ ನಿಂತು ತಲೆ ಎತ್ತಿದರೆ ಸಾಕು, ಒಂದಲ್ಲ ಒಂದು ಸಿಸಿ ಕ್ಯಾಮೆರಾ ಕಣ್ಣಿಗೆ ಬೀಳುತ್ತದೆ. ಚಿನ್ನದಂಗಡಿಗೆ ಕ್ಯಾಮೆರಾ, ದಿನಸಿ ಅಂಗಡಿಗೆ ಕ್ಯಾಮೆರಾ, ಟೀ ಹೋಟೆಲಿನ ಗಲ್ಲಾಪೆಟ್ಟಿಗೆಯ ಮೇಲೂ ಕ್ಯಾಮೆರಾ. ಮನೆಗೆ ಗೃಹಪ್ರವೇಶವಾಗುವ ಮೊದಲೇ ಗೇಟಿಗೆ ಕ್ಯಾಮೆರಾ ಬಂದಿರುತ್ತದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವರು ಮೊಬೈಲು ತೆಗೆದು ತಮ್ಮ ಮನೆಯ ಬಾಗಿಲನ್ನು ತಾವೇ ನೋಡಿಕೊಳ್ಳುತ್ತಾ ಮೈಸೂರು ಸೇರುವ ಕಾಲ ಇದು.

ಇಷ್ಟೆಲ್ಲಾ ಸರಿಯೇ. ಆದರೆ ಮಾರ್ಚಿ ಮುಗಿದು ಏಪ್ರಿಲ್ ಕಾಲಿಟ್ಟಿತೆಂದರೆ ಒಂದು ದೂರು ಶುರುವಾಗುತ್ತದೆ. ಬೆಳಿಗ್ಗೆ ಚೆನ್ನಾಗಿದ್ದ ಚಿತ್ರ ಮಧ್ಯಾಹ್ನ ಎರಡರ ಹೊತ್ತಿಗೆ ಬೆಳ್ಳಗಾಗುತ್ತದೆ, ಗೆರೆ ಗೆರೆಯಾಗುತ್ತದೆ, ಆಮೇಲೆ ಪೂರಾ ಕಪ್ಪು. ಸಾಯಂಕಾಲ ಆರಕ್ಕೆ ತಾನಾಗಿಯೇ ಮತ್ತೆ ಹಾಜರು. ಅಂಗಡಿಯವರು "ನೆಟ್ವರ್ಕ್ ಸರಿಯಿಲ್ಲ ಕಣಯ್ಯ" ಎಂದು ಸುಮ್ಮನಾಗುತ್ತಾರೆ. ನೆಟ್ವರ್ಕಿನ ತಪ್ಪು ಕೆಲವು ಸಲ ಇದ್ದೀತು. ಬೇಸಿಗೆಯಲ್ಲಿ ಹೀಗೆ ಹೊತ್ತು ನೋಡಿಕೊಂಡು ಕೆಡುವ ಕ್ಯಾಮೆರಾಕ್ಕೆ ಬಹಳ ಸಲ ಬಂದಿರುವುದು ಜ್ವರ. ಅಂದರೆ ಕಾವು.

ಕಳ್ಳನಿಗೆ ರಾತ್ರಿಯೇ ಆಗಬೇಕೆಂದೇನಿಲ್ಲ. ಉರಿಬಿಸಿಲಿನ ಮಧ್ಯಾಹ್ನ ಬೀದಿ ಬಿಕೋ ಎನ್ನುವಾಗ, ಅಂಗಡಿಯವರು ಊಟ ಮುಗಿಸಿ ತೂಕಡಿಸುವಾಗ ಗಲ್ಲಾಕ್ಕೆ ಕೈ ಬೀಳುವುದು ಹೊಸದೇನಲ್ಲ. ಸರಿಯಾಗಿ ಆ ಹೊತ್ತಿಗೇ ಕ್ಯಾಮೆರಾವೂ ಕಣ್ಣು ಮುಚ್ಚಿದರೆ ಸಾವಿರಾರು ರೂಪಾಯಿ ಸುರಿದು ಕಟ್ಟಿಸಿದ್ದು ಯಾವ ಸುಖಕ್ಕೆ?

ಕಾವು ಬರುವುದು ಎಲ್ಲಿಂದ?

2024ನೇ ಇಸವಿ ದೇಶದಲ್ಲಿ 1901ರಿಂದ ಈಚೆಗೆ ದಾಖಲಾದ ಅತಿ ಬಿಸಿಯ ವರ್ಷ ಎಂದು ಹವಾಮಾನ ಇಲಾಖೆಯೇ ಹೇಳಿದೆ. ಆ ವರ್ಷ ಏಪ್ರಿಲ್ ಕೊನೆಯಲ್ಲಿ ತಂಪೂರು ಎನಿಸಿಕೊಂಡ ಬೆಂಗಳೂರಿನಲ್ಲೇ ಪಾದರಸ 38 ಡಿಗ್ರಿ ದಾಟಿತು. ಹವಾಮಾನ ಇಲಾಖೆ ಅಳೆಯುವುದು ನೆರಳಿನ ಗಾಳಿಯ ಬಿಸಿಯನ್ನು. ಬಿಸಿಲಿಗೆ ಮೈಯೊಡ್ಡಿದ ಕಬ್ಬಿಣದ ತುಂಡಿನ ಬಿಸಿಯೇ ಬೇರೆ. ನೆರಳಲ್ಲಿ 37 ಡಿಗ್ರಿ ಇದ್ದರೆ ಪಡುವಣಕ್ಕೆ ಮುಖಮಾಡಿದ ಗೋಡೆಯ ಮೇಲಿನ ಕ್ಯಾಮೆರಾದ ಮೈ 50 ದಾಟುವುದು ಸಾಮಾನ್ಯ. ತಗಡಿನ ಶೀಟಿನ ಕೆಳಗೆ ಮೊಳೆ ಹೊಡೆದು ಅಂಟಿಸಿದ್ದರಂತೂ ಮೇಲಿಂದ ಶೀಟಿನ ಝಳ, ಒಳಗಿಂದ ಅದರದೇ ಕಾವು.

ಒಳಗಿನ ಕಾವು ಎಂದರೇನು? ಕ್ಯಾಮೆರಾ ಎಂಬುದು ಬರೀ ಗಾಜಿನ ಕಣ್ಣಲ್ಲ. ಅದರೊಳಗೆ ಚಿತ್ರ ಹಿಡಿಯುವ ಚಿಪ್ಪು, ಹಿಡಿದದ್ದನ್ನು ಕುಗ್ಗಿಸಿ ಕಳಿಸುವ ಚಿಪ್ಪು, ವೈಫೈ ಇದ್ದರೆ ಅದರ ರೇಡಿಯೋ, ಕತ್ತಲಲ್ಲಿ ಕಾಣಿಸಲು ಉರಿಯುವ ಇನ್‌ಫ್ರಾರೆಡ್ ದೀಪಗಳು, ಎಲ್ಲಾ ಒಂದೇ ಡಬ್ಬಿಯಲ್ಲಿ ಇಪ್ಪತ್ನಾಲ್ಕು ಗಂಟೆ ದುಡಿಯುತ್ತವೆ. ಹಗಲಿಗೆ ಎರಡು ಮೂರು ವ್ಯಾಟ್ ತಿನ್ನುವ ಕ್ಯಾಮೆರಾ ರಾತ್ರಿ ದೀಪ ಹೊತ್ತಿದ ಮೇಲೆ ನಾಲ್ಕೈದು ವ್ಯಾಟ್ ತಿನ್ನುತ್ತದೆ. ಮಳೆನೀರು ಹೋಗಬಾರದೆಂದು ಡಬ್ಬಿಗೆ ರಬ್ಬರು ಹಾಕಿ ಬಿಗಿ ಮಾಡಿರುತ್ತಾರೆ. ನೀರು ಒಳಗೆ ಹೋಗದ ಮೇಲೆ ಬಿಸಿಗಾಳಿಯೂ ಹೊರಗೆ ಬರುವುದಿಲ್ಲ. ಮೈಯ ಮೂಲಕವೇ ಕಾವು ಇಳಿಯಬೇಕು. ಮೈಯೇ ಬಿಸಿಲಲ್ಲಿ ಬೇಯುತ್ತಿದ್ದರೆ ಇಳಿಯುವುದಾದರೂ ಎಲ್ಲಿಗೆ?

ಈ ಸೀಮೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನಲ್ಲಿ ಕೊನೆಯ ಹಂತಕ್ಕೆ ಬಿಸಿ 70 ಡಿಗ್ರಿ ಹತ್ತಿರ ಹೋಗುತ್ತದೆ. ಥರ್ಮಾಮೀಟರ್ ನೋಡುತ್ತಾ, ಗಾಳಿಕಿಂಡಿ ತೆಗೆಯುತ್ತಾ ಮುಚ್ಚುತ್ತಾ ರಾತ್ರಿಯಿಡೀ ನಿದ್ದೆಗೆಟ್ಟು ಕಾಯುತ್ತಾರೆ. ಒಂದು ಕಿಂಡಿಯ ತಪ್ಪಿಗೆ ಇಡೀ ಸೊಪ್ಪು ಕೆಟ್ಟುಹೋಗುತ್ತದೆಂಬ ಅರಿವು ಅವರಿಗಿದೆ. ಅದೇ ಮನೆಯ ಗೋಡೆಯ ಮೇಲಿನ ಕ್ಯಾಮೆರಾ ಒಂದು ಪುಟ್ಟ ಬ್ಯಾರನ್ನು. ಅದಕ್ಕೆ ಕಿಂಡಿಯೂ ಇಲ್ಲ, ಕಾಯುವವರೂ ಇಲ್ಲ.

ಕೊಳ್ಳುವಾಗ ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದುವವರು ಕಡಿಮೆ. ಮನೆಯೊಳಗೆ ಇಡಲು ಮಾಡಿದ ವೈಫೈ ಕ್ಯಾಮೆರಾಗಳ ಮೇಲೆ ಸಾಮಾನ್ಯವಾಗಿ 40 ಡಿಗ್ರಿವರೆಗೆ ಎಂದು ಬರೆದಿರುತ್ತದೆ. ಹೊರಗಿನವು 50 ಅಥವಾ 60 ಡಿಗ್ರಿ ತಡೆಯುತ್ತವೆ. ಬೆಲೆ ಕಡಿಮೆಯೆಂದು ಒಳಗಿನದನ್ನು ತಂದು ಹೊರಗೆ, ಜಗುಲಿಯ ಶೀಟಿನಡಿ ಕಟ್ಟಿದರೆ ಅದು ಮೊದಲ ಬೇಸಿಗೆಯನ್ನೇ ದಾಟುವುದು ಕಷ್ಟ. ಮಾರಿದವನು ಹೇಳಲಿಲ್ಲ, ಕೊಂಡವನು ಕೇಳಲಿಲ್ಲ.

ಇದು ಕಾವಿನ ರೋಗವೋ, ಕರೆಂಟಿನ ರೋಗವೋ?

ಕ್ಯಾಮೆರಾ ಕೆಟ್ಟಿತೆಂದರೆ ರಿಪೇರಿಯವರು ಮೊದಲು ಹೇಳುವ ಮಾತು "ಹೊಸದು ಹಾಕ್ಸಿಬಿಡಿ ಸಾರ್". ಅದಕ್ಕೆ ಮುಂಚೆ ಅಂಗಡಿಯವರು ತಾವೇ ನೋಡಬಹುದಾದ್ದು ಬೇಕಾದಷ್ಟಿದೆ. ಯಾವ ಹೊತ್ತಿಗೆ ಕೆಡುತ್ತದೆ ಎಂದು ನಾಲ್ಕು ದಿನ ಒಂದು ಚೀಟಿಯಲ್ಲಿ ಬರೆದಿಟ್ಟರೆ ಅರ್ಧ ಪತ್ತೇದಾರಿ ಮುಗಿದಂತೆ.

ಮಧ್ಯಾಹ್ನ ಕೆಟ್ಟು ಸಂಜೆ ಸರಿಹೋದರೆ ಅದು ಬಿಸಿಲಿನ ಕಾವು. ಚಿತ್ರದ ಮೇಲೆ ಎಳ್ಳು ಚೆಲ್ಲಿದಂತೆ ಬಿಳಿ ಚುಕ್ಕೆಗಳು ಏಳುವುದು, ಬಣ್ಣ ಮಾಸುವುದು, ಚಿತ್ರ ನಿಂತು ನಿಂತು ಓಡುವುದು, ತಾನೇ ಆರಿ ತಾನೇ ಹೊತ್ತಿಕೊಳ್ಳುವುದು ಇದರ ಗುರುತು. ಒಂದು ದಿನ ಮಧ್ಯಾಹ್ನ ಕ್ಯಾಮೆರಾಕ್ಕೆ ರಟ್ಟಿನ ತುಂಡೊಂದನ್ನು ಕೊಡೆಯಂತೆ ಅಡ್ಡ ಕಟ್ಟಿ ನೋಡಿದರೆ ಗೊತ್ತಾಗುತ್ತದೆ. ನೆರಳು ಬಿದ್ದ ದಿನ ಕೆಡದಿದ್ದರೆ ಹೊಸ ಕ್ಯಾಮೆರಾ ಬೇಕಿಲ್ಲ, ನೆರಳು ಬೇಕು.

ಹಗಲೆಲ್ಲಾ ಚೆನ್ನಾಗಿದ್ದು ಕತ್ತಲಾಗುತ್ತಿದ್ದಂತೆ ಆರಿ ಹೊತ್ತಿ ಮಾಡಿದರೆ ಅದು ಬಹುಮಟ್ಟಿಗೆ ಕರೆಂಟಿನ ದೋಷ. ಇನ್‌ಫ್ರಾರೆಡ್ ದೀಪಗಳು ಹೊತ್ತಿಕೊಂಡು ಹೆಚ್ಚು ಕರೆಂಟ್ ಎಳೆದಾಗ ಸೋತ ಅಡಾಪ್ಟರ್ ಕೈಕೊಡುತ್ತದೆ, ಇಲ್ಲವೇ ಉದ್ದನೆಯ ಸಪೂರ ವೈರಿನಲ್ಲಿ ವೋಲ್ಟೇಜು ಸೋರಿಹೋಗುತ್ತದೆ. ಅಡಾಪ್ಟರ್ ಬಳಿ 12 ವೋಲ್ಟ್ ಇದ್ದದ್ದು ಕ್ಯಾಮೆರಾ ಬಳಿ ಹೋಗುವಾಗ 10ಕ್ಕೆ ಇಳಿದಿದ್ದರೆ ಅದು ನಿಲ್ಲುವುದು ಹೇಗೆ? ರಾತ್ರಿ ದೀಪ ಉರಿಯುವಾಗ ಕ್ಯಾಮೆರಾದ ತುದಿಯಲ್ಲೇ ಮೀಟರ್ ಇಟ್ಟು ನೋಡಲು ಎಲೆಕ್ಟ್ರಿಷಿಯನ್ನಿಗೆ ಹೇಳಬೇಕು. 11 ವೋಲ್ಟಿಗಿಂತ ಕೆಳಗಿದ್ದರೆ ವೈರು ಇಲ್ಲವೇ ಅಡಾಪ್ಟರ್ ಬದಲಿಸಬೇಕು, ಕ್ಯಾಮೆರಾ ಅಲ್ಲ.

ಒಂದು ಕ್ಯಾಮೆರಾ ಮಾತ್ರ ಕೆಟ್ಟರೆ ದೋಷ ಅದರದು ಅಥವಾ ಅದರ ವೈರಿನದು. ಎಲ್ಲಾ ಒಟ್ಟಿಗೇ ಕಪ್ಪಾದರೆ ದೋಷ ಒಳಗಿನ ಡಿವಿಆರ್ ಪೆಟ್ಟಿಗೆಯದು ಇಲ್ಲವೇ ಎಲ್ಲಕ್ಕೂ ಸೇರಿದ ಎಸ್.ಎಂ.ಪಿ.ಎಸ್. ಸಪ್ಲೈಯದು. ಹಗಲಿನಲ್ಲಿ ಚಿತ್ರವೆಲ್ಲಾ ಗುಲಾಬಿ ಬಣ್ಣಕ್ಕೆ ತಿರುಗಿದರೆ ಲೆನ್ಸಿನ ಹಿಂದಿನ ಫಿಲ್ಟರ್ ಸಿಕ್ಕಿಕೊಂಡಿದೆ ಎಂದರ್ಥ. ಕಾವಿಗೂ ಅದು ಸಿಕ್ಕಿಕೊಳ್ಳಬಹುದು, ಬರೀ ಸವೆತಕ್ಕೂ ಸಿಕ್ಕಿಕೊಳ್ಳಬಹುದು.

ಅಡಾಪ್ಟರ್ ವಿಷಯಕ್ಕೆ ಬಂದರೆ ಅಂಗಡಿಗಳ ಅವಸ್ಥೆ ನೋಡುವಂತಿಲ್ಲ. ಗೋಣಿಚೀಲದ ಹಿಂದೆ, ರಟ್ಟಿನ ಪೆಟ್ಟಿಗೆಗಳ ಸಂದಿಯಲ್ಲಿ, ಟೇಪು ಸುತ್ತಿ ಗಂಟು ಕಟ್ಟಿದ ಅಡಾಪ್ಟರ್ ಮಳೆಗಾಲ ಬೇಸಿಗೆ ಎನ್ನದೆ ಕುದಿಯುತ್ತಿರುತ್ತದೆ. ಅದರೊಳಗಿನ ಕೆಪಾಸಿಟರ್ ಎಂಬ ಬಿಡಿಭಾಗಕ್ಕೆ 10 ಡಿಗ್ರಿ ಬಿಸಿ ಏರಿದರೆ ಆಯಸ್ಸು ಅರ್ಧಕ್ಕೆ ಇಳಿಯುತ್ತದೆಂಬುದು ಎಲೆಕ್ಟ್ರಾನಿಕ್ಸಿನವರ ಹಳೇ ಲೆಕ್ಕ. 20 ಡಿಗ್ರಿ ಏರಿದರೆ ಕಾಲುಭಾಗ. ನಾಲ್ಕು ವರ್ಷ ಬಾಳಬೇಕಾದ್ದು ಒಂದೇ ವರ್ಷಕ್ಕೆ ಗೋತ. ಸುಟ್ಟ ವಾಸನೆ ಬಂದರೆ, ಮೈ ಉಬ್ಬಿದರೆ, ಮುಟ್ಟಲಾಗದಷ್ಟು ಸುಟ್ಟರೆ ಮೊದಲು ಸ್ವಿಚ್ ಆಫ್ ಮಾಡಬೇಕು. ಬಟ್ಟೆ ಅಂಗಡಿ, ಪಟಾಕಿ ಅಂಗಡಿ, ದಿನಸಿ ಗೋಡೌನುಗಳಲ್ಲಿ ಇದು ಕ್ಯಾಮೆರಾದ ಮಾತಾಗಿ ಉಳಿಯುವುದಿಲ್ಲ, ಬೆಂಕಿಯ ಮಾತು.

ನಾಲ್ಕು ತಾಲ್ಲೂಕು, ನಾಲ್ಕು ಬಗೆ

ಒಂದೊಂದು ಊರಿಗೆ ಒಂದೊಂದು ತೊಂದರೆ. ಹುಣಸೂರಿನ ಮರದ ಮಿಲ್ಲುಗಳ ಸುತ್ತಮುತ್ತ ಹೊಟ್ಟಿನ ಪುಡಿ. ಕೆ.ಆರ್.ನಗರದ ಅಕ್ಕಿ ಗಿರಣಿಗಳ ಬಳಿ ಭತ್ತದ ತೌಡು, ಧೂಳು. ಈ ಪುಡಿ ಕ್ಯಾಮೆರಾದ ಮೈಮೇಲೆ ಕಂಬಳಿಯಂತೆ ಕೂರುತ್ತದೆ, ಡಿವಿಆರ್ ಪೆಟ್ಟಿಗೆಯ ಫ್ಯಾನಿಗೆ ಸುತ್ತಿಕೊಳ್ಳುತ್ತದೆ. ಕಂಬಳಿ ಹೊದ್ದವನಿಗೆ ಸೆಖೆ ಹೆಚ್ಚೋ ಕಡಿಮೆಯೋ?

ಪಿರಿಯಾಪಟ್ಟಣ, ಹುಣಸೂರಿನ ಹಳ್ಳಿಗಳಲ್ಲಿ ಜುಲೈ ಆಗಸ್ಟಿನಿಂದ ಬ್ಯಾರನ್ನು ಹೊತ್ತಿಕೊಂಡರೆ ತಿಂಗಳುಗಟ್ಟಲೆ ಹೊಗೆ. ಕಟ್ಟೆಮಳಲವಾಡಿ, ಕಂಪಲಾಪುರದ ಹರಾಜು ಮಾರುಕಟ್ಟೆಗಳಿಗೆ ಹೋಗುವ ಸೊಪ್ಪಿಗೆ, ಬರುವ ದುಡ್ಡಿಗೆ ಕಾವಲು ಬೇಕೆಂದು ಈಗ ತೋಟದ ಮನೆಗೂ ಕ್ಯಾಮೆರಾ ಬಂದಿದೆ. ಬ್ಯಾರನ್ನಿನ ಗೋಡೆಗೇ ಅದನ್ನು ಹೊಡೆದರೆ ಹಿಂದಿನಿಂದ ಉರಿ, ಮುಂದಿನಿಂದ ಬಿಸಿಲು. ಹತ್ತು ಹೆಜ್ಜೆ ದೂರ ಒಂದು ಕಂಬ ನೆಟ್ಟು ಅಲ್ಲಿಂದ ಬ್ಯಾರನ್ನನ್ನು ನೋಡುವಂತೆ ಇಡುವುದು ಜಾಣತನ. ಬ್ಯಾರನ್ನಿಗೆ ಬೆಂಕಿ ಬಿದ್ದರೂ ಆಗ ಕ್ಯಾಮೆರಾ ಉಳಿಯುತ್ತದೆ, ಚಿತ್ರವೂ ಉಳಿಯುತ್ತದೆ.

ಎಚ್.ಡಿ.ಕೋಟೆ, ಸರಗೂರು ಕಡೆ ಕಾಡಂಚಿನ ಮನೆಗಳದು ಬೇರೆ ಕತೆ. ಕಳ್ಳನಿಗಿಂತ ಹೆಚ್ಚಾಗಿ ಚಿರತೆ, ಹುಲಿ, ಆನೆಗೆ ಹೆದರಿ ಕ್ಯಾಮೆರಾ ಹಾಕಿಸುವವರಿದ್ದಾರೆ. ಕರೆಂಟು ನಂಬಿಕೆಯಿಲ್ಲದ ಕಡೆ ಸೋಲಾರ್ ಪ್ಲೇಟು, ಒಳಗೆ ಲಿಥಿಯಂ ಬ್ಯಾಟರಿ. ಈ ಬ್ಯಾಟರಿಯನ್ನು 45 ಡಿಗ್ರಿ ಮೇಲೆ ಚಾರ್ಜು ಮಾಡಬಾರದು. ಒಳ್ಳೆಯ ಕಂಪನಿಯದಾದರೆ ಬಿಸಿಯೇರಿದಾಗ ಚಾರ್ಜು ತಾನೇ ನಿಲ್ಲುತ್ತದೆ. ಹಗಲಿಡೀ ಸುಡುಬಿಸಿಲಿದ್ದರೂ ಬ್ಯಾಟರಿ ತುಂಬದೆ ರಾತ್ರಿ ಹನ್ನೆರಡಕ್ಕೆ ಕ್ಯಾಮೆರಾ ಆರಿಹೋಗುವ ಗುಟ್ಟು ಇದೇ. ಸೋಲಾರ್ ಪ್ಲೇಟು ಬಿಸಿಲಿಗೆ, ಕ್ಯಾಮೆರಾ ನೆರಳಿಗೆ ಎಂದು ಬೇರೆ ಬೇರೆ ಇಡುವಂಥದ್ದನ್ನೇ ಕೊಳ್ಳಬೇಕು. ಬ್ಯಾಟರಿ ಉಬ್ಬಿದ್ದರೆ ಮತ್ತೆ ಚಾರ್ಜಿಗೆ ಹಾಕಲೇಕೂಡದು.

ಇನ್ನೊಂದು ಸಂಗತಿ. ಮೇ ತಿಂಗಳಲ್ಲಿ ಕಾದು ಕೆಂಡವಾದ ಡಬ್ಬಿಯ ಮೇಲೆ ಸಂಜೆ ಆಲಿಕಲ್ಲು ಮಳೆ ಸುರಿದರೆ ಒಳಗಿನ ಗಾಳಿ ತಟ್ಟನೆ ಕುಗ್ಗುತ್ತದೆ. ರಬ್ಬರು ಸವೆದಿದ್ದರೆ ತೇವದ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಮಾರನೇ ದಿನ ಗಾಜಿನೊಳಗೆ ಮಂಜು ಕಟ್ಟಿ ಎಲ್ಲಾ ಮಸುಕು. ಕಾದ ಕ್ಯಾಮೆರಾದ ಮೇಲೆ ತಂಪಾಗಲೆಂದು ಬಕೆಟ್ಟಿನಲ್ಲಿ ನೀರೆರಚುವವರು ಇದನ್ನು ನೆನಪಿಡಬೇಕು.

ಪೆಟ್ಟಿಗೆಯೊಳಗಿನ ಪ್ರಾಣ

ಕ್ಯಾಮೆರಾ ಕಣ್ಣಾದರೆ ಡಿವಿಆರ್ ಪೆಟ್ಟಿಗೆ ನೆನಪು. ಕಣ್ಣು ಚೆನ್ನಾಗಿದ್ದು ನೆನಪೇ ಇಲ್ಲದಿದ್ದರೆ ಸಾಕ್ಷಿ ಹೇಳುವುದೇನನ್ನು? ಆ ಪೆಟ್ಟಿಗೆಯನ್ನು ಕಳ್ಳ ಎತ್ತಿಕೊಂಡು ಹೋದಾನೆಂದು ಬೀರುವಿನೊಳಗೆ ಬೀಗ ಹಾಕಿಡುತ್ತಾರೆ, ಪಕ್ಕದಲ್ಲೇ ಯುಪಿಎಸ್ ಬ್ಯಾಟರಿ, ಮೇಲೆ ಬಿಲ್ ಪುಸ್ತಕಗಳ ಕಟ್ಟು. ಒಳಗಿರುವ ಹಾರ್ಡ್ ಡಿಸ್ಕ್ ಒಂದು ಕ್ಷಣವೂ ನಿಲ್ಲದೆ ತಿರುಗುತ್ತದೆ. ಗಾಳಿಯಾಡದ ಬೀರುವಿನಲ್ಲಿ ಅದರ ಬಿಸಿ ಏರುತ್ತಲೇ ಹೋಗುತ್ತದೆ.

ಒಂದು ಸಣ್ಣ ಲೆಕ್ಕ. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ಟಿನಂತೆ ಬರೆದರೆ ದಿನಕ್ಕೆ ಸುಮಾರು 21 ಜಿಬಿ. ನಾಲ್ಕು ಕ್ಯಾಮೆರಾಕ್ಕೆ 86 ಜಿಬಿ. ಒಂದು ಟಿಬಿ ಡಿಸ್ಕು ಹನ್ನೊಂದು ದಿನಕ್ಕೆ ತುಂಬಿ ಹಳೆಯದನ್ನು ಅಳಿಸಿ ಮೊದಲಿಂದ ಶುರುಮಾಡುತ್ತದೆ. ಸಾರ್ವಜನಿಕ ಸುರಕ್ಷತೆಗೆಂದು 2017ರಲ್ಲಿ ರಾಜ್ಯ ತಂದ ಕಾನೂನು, ಒಂದೇ ಹೊತ್ತಿಗೆ 100 ಜನ ಅಥವಾ ದಿನಕ್ಕೆ 500 ಜನ ಸೇರುವ ಸಂಸ್ಥೆಗಳು ಕ್ಯಾಮೆರಾ ಹಾಕಿ 30 ದಿನದ ಚಿತ್ರ ಇಟ್ಟುಕೊಳ್ಳಬೇಕೆನ್ನುತ್ತದೆ. ಕಲ್ಯಾಣ ಮಂಟಪ, ಆಸ್ಪತ್ರೆ, ದೊಡ್ಡ ಅಂಗಡಿಗಳವರು ತಮ್ಮ ಪೆಟ್ಟಿಗೆ ಎಷ್ಟು ದಿನ ಹಿಂದಕ್ಕೆ ಹೋಗುತ್ತದೆಂದು ಇವತ್ತೇ ತೆಗೆದು ನೋಡುವುದು ಒಳ್ಳೆಯದು. ತಿಂಗಳ ಹಿಂದೆಯೇ ಡಿಸ್ಕು ಸತ್ತು, ಟಿವಿಯಲ್ಲಿ ಮಾತ್ರ ನೇರಚಿತ್ರ ಓಡುತ್ತಿದ್ದರೂ ಗೊತ್ತಾಗುವುದು ಕಳ್ಳತನವಾದ ಮೇಲೆಯೇ.

ಕೋರ್ಟಿನಲ್ಲಿ ಕೇಳುವ ಪ್ರಶ್ನೆ

ಹಳೇ ಸಾಕ್ಷ್ಯ ಕಾಯಿದೆ ಹೋಗಿ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದಿದೆ. ಅದರ 63ನೇ ಕಲಮಿನಂತೆ ಕ್ಯಾಮೆರಾದ ಚಿತ್ರವನ್ನು ನಕಲು ಮಾಡಿ ಸಾಕ್ಷ್ಯವಾಗಿ ಕೊಡಬೇಕಾದರೆ ಜೊತೆಗೆ ಪ್ರಮಾಣಪತ್ರ ಬೇಕು. ಆ ಹೊತ್ತಿನಲ್ಲಿ ಯಂತ್ರ ಸರಿಯಾಗಿ ಕೆಲಸ ಮಾಡುತ್ತಿತ್ತು, ಇಲ್ಲವೇ ಇದ್ದ ದೋಷದಿಂದ ದಾಖಲೆಗೆ ಧಕ್ಕೆಯಾಗಿಲ್ಲ ಎಂಬುದು ಅದರ ತಿರುಳಿನಲ್ಲೊಂದು. ಈಗ ಯೋಚಿಸಿ. ಮಧ್ಯಾಹ್ನ ಒಂದಕ್ಕೆ ಆರಿ, ಒಂದೂವರೆಗೆ ಹೊತ್ತಿ, ಮತ್ತೆ ಆರಿ, ಗಡಿಯಾರ ಹಿಂದೆ ಮುಂದೆ ಆದ ಪೆಟ್ಟಿಗೆಯ ಚಿತ್ರವನ್ನು ಹಿಡಿದುಕೊಂಡು ಹೋದರೆ ಎದುರು ವಕೀಲರು ಸುಮ್ಮನಿರುತ್ತಾರೆಯೇ? ಕಳ್ಳನ ಮುಖ ಕಂಡರೂ ಹೊತ್ತು ತಪ್ಪಿದ್ದರೆ ಅಲ್ಲಿಂದಲೇ ಅನುಮಾನದ ಎಳೆ ಹಿಡಿಯುತ್ತಾರೆ.

ಖರ್ಚಿಲ್ಲದ ಮದ್ದು

ಇದಕ್ಕೆ ಪರಿಹಾರ ದೊಡ್ಡ ದುಡ್ಡಿನದಲ್ಲ. ಮೊದಲನೆಯದು ಜಾಗ. ಆದಷ್ಟೂ ಬಡಗಣ ಗೋಡೆ, ಇಲ್ಲದಿದ್ದರೆ ಮೂಡಣ. ಪಡುವಣ ಬಿಸಿಲಿಗೆ ಇಡಲೇಬೇಕಾದರೆ ಮೇಲೊಂದು ಬಿಳಿಬಣ್ಣದ ಮರೆ, ಕ್ಯಾಮೆರಾಕ್ಕೂ ಮರೆಗೂ ನಡುವೆ ಎರಡು ಬೆರಳು ಸಂದು. ತಗಡಿಗೆ ನೇರ ಹೊಡೆಯದೆ ಮರದ ತುಂಡೋ ಪ್ಲಾಸ್ಟಿಕ್ ಬಾಕ್ಸೋ ಇಟ್ಟು ಅದರ ಮೇಲೆ ಕೂರಿಸಬೇಕು. ಮಳೆಗೆಂದು ಪ್ಲಾಸ್ಟಿಕ್ ಕವರು ಕಟ್ಟಿದ್ದರೆ ಇವತ್ತೇ ಕಿತ್ತೆಸೆಯಬೇಕು.

ಎರಡನೆಯದು ಶುಚಿ. ತಿಂಗಳಿಗೊಮ್ಮೆ ಒಣಬಟ್ಟೆಯಲ್ಲಿ ಮೈ ಒರೆಸಿ ಜೇಡರ ಬಲೆ ತೆಗೆಯಬೇಕು. ರಾತ್ರಿ ದೀಪಕ್ಕೆ ಹುಳು ಬರುತ್ತದೆ, ಹುಳುವಿಗೆ ಜೇಡ ಬರುತ್ತದೆ, ಬಲೆ ಅಲ್ಲಾಡಿದರೆ ಕ್ಯಾಮೆರಾ ಯಾರೋ ಬಂದರೆಂದು ರಾತ್ರಿಯಿಡೀ ಎಚ್ಚರಿಸುತ್ತಲೇ ಇರುತ್ತದೆ. ಅದಕ್ಕೂ ವಿಶ್ರಾಂತಿಯಿಲ್ಲ, ಮಾಲೀಕನಿಗೂ ನಿದ್ದೆಯಿಲ್ಲ.

ಮೂರನೆಯದು ಭಾರ ಇಳಿಸುವುದು. ಸೆಕೆಂಡಿಗೆ 25 ಚಿತ್ರ ಹಿಡಿಯುವಂತೆ ಇಟ್ಟದ್ದನ್ನು 15ಕ್ಕೆ ಇಳಿಸಿದರೆ ಅಂಗಡಿಯ ಕೆಲಸಕ್ಕೆ ಧಾರಾಳ. ಬೀದಿದೀಪ ಚೆನ್ನಾಗಿರುವ ಕಡೆ ರಾತ್ರಿ ದೀಪದ ಪ್ರಖರತೆ ಕಡಿಮೆ ಮಾಡಬಹುದು. ಒಳಗೂ ಹೊರಗೂ ಮೊಬೈಲಿನಲ್ಲಿ ಇಡೀ ದಿನ ನೇರಚಿತ್ರ ತೆರೆದಿಟ್ಟುಕೊಳ್ಳುವ ಚಟ ಬಿಟ್ಟರೆ ವೈಫೈ ಕ್ಯಾಮೆರಾ ಸ್ವಲ್ಪ ಉಸಿರಾಡುತ್ತದೆ.

ನಾಲ್ಕನೆಯದು ಕರೆಂಟು. ಕಂಪನಿ ಹೇಳಿದ ಆಂಪಿಯರಿನ, ಬಿ.ಐ.ಎಸ್. ನೋಂದಣಿ ಗುರುತಿನ ಅಡಾಪ್ಟರನ್ನೇ ಹಾಕಿ, ಗಾಳಿಯಾಡುವ ಕಡೆ ಗೋಡೆಗೆ ತೂಗುಹಾಕಬೇಕು. ಡಿವಿಆರ್ ಪೆಟ್ಟಿಗೆಯ ಸುತ್ತ ನಾಲ್ಕು ಬೆರಳು ಜಾಗ ಬಿಟ್ಟು, ಬೀರುವಿನ ಹಿಂಬದಿಗೆ ತೂತು ಕೊರೆಸಿ, ವರ್ಷಕ್ಕೆರಡು ಸಲ ಫ್ಯಾನಿನ ಧೂಳು ತೆಗೆಸಬೇಕು. ವಾರಕ್ಕೊಮ್ಮೆ, ಸೋಮವಾರ ಅಂಗಡಿ ತೆಗೆದು ಪೂಜೆ ಮಾಡಿದ ಮೇಲೆ, ಹಿಂದಿನ ದಿನ ಮಧ್ಯಾಹ್ನ ಎರಡರ ಚಿತ್ರವನ್ನೂ ರಾತ್ರಿ ಎರಡರ ಚಿತ್ರವನ್ನೂ ಹಾಕಿ ನೋಡಿದರೆ ಐದು ನಿಮಿಷದ ಕೆಲಸ. ಗಡಿಯಾರವನ್ನೂ ಆಗಲೇ ಸರಿಮಾಡಿಕೊಳ್ಳಬಹುದು.

ಹೊಣೆ ಯಾರದು?

ಹೊಣೆಯ ಮಾತು ಬಂದಾಗ ಎಲ್ಲರೂ ಬೇರೆ ಕಡೆ ನೋಡುತ್ತಾರೆ. ಪೊಲೀಸ್ ಠಾಣೆಗಳಿಗೆಲ್ಲಾ ಕ್ಯಾಮೆರಾ ಹಾಕಿಸಬೇಕೆಂದು ಸುಪ್ರೀಂ ಕೋರ್ಟು 2020ರ ಡಿಸೆಂಬರಿನಲ್ಲಿ ಆದೇಶ ಕೊಟ್ಟಾಗ, ಅವು ಕೆಲಸ ಮಾಡುವಂತೆ ನೋಡಿಕೊಳ್ಳುವ ಹೊಣೆ ಠಾಣಾಧಿಕಾರಿಯದು ಎಂದೂ ಹೇಳಿತು. ಜಿಲ್ಲೆಗೊಂದು ಮೇಲ್ವಿಚಾರಣಾ ಸಮಿತಿಯೂ ಇರಬೇಕೆಂದಿತು. ಅಷ್ಟಾದರೂ 2025ರ ಸೆಪ್ಟೆಂಬರಿನಲ್ಲಿ ಠಾಣೆಗಳಲ್ಲಿ ಕೆಲಸ ಮಾಡುವ ಕ್ಯಾಮೆರಾಗಳ ಕೊರತೆಯನ್ನು ಅದೇ ಕೋರ್ಟು ಮತ್ತೆ ತಾನಾಗಿಯೇ ವಿಚಾರಣೆಗೆ ಎತ್ತಿಕೊಳ್ಳಬೇಕಾಯಿತು. ಆದೇಶ, ಅಧಿಕಾರಿ, ಸಮಿತಿ ಎಲ್ಲಾ ಇದ್ದ ಕಡೆಯೇ ಹೀಗಾದರೆ, ಏನೂ ಇಲ್ಲದ ಬಸ್ ನಿಲ್ದಾಣದ ಮೂಲೆ, ಸಂತೆ ಬೀದಿ, ಪಂಚಾಯಿತಿ ಕಂಬಗಳ ಕ್ಯಾಮೆರಾಗಳ ಗತಿಯೇನು?

2025ರ ಏಪ್ರಿಲ್‌ನಿಂದ ದೇಶದಲ್ಲಿ ಮಾರುವ ಸಿಸಿ ಕ್ಯಾಮೆರಾಗಳು ಮಾಹಿತಿ ಕದಿಯಲಾಗದಂತೆ ಇವೆಯೇ ಎಂಬ ಪರೀಕ್ಷೆ ಪಾಸಾಗಬೇಕೆಂದು ಕೇಂದ್ರ ಸರ್ಕಾರ ನಿಯಮ ಮಾಡಿದೆ. ಒಳ್ಳೆಯದೇ. ಆದರೆ ಕೊಂಡ ಮೇಲೆ ಅದನ್ನು ಎಲ್ಲಿ ಹೊಡೆದರು, ಹೇಗೆ ಹೊಡೆದರು ಎಂದು ಕೇಳುವವರಿಲ್ಲ. ಕ್ಯಾಮೆರಾ ಉದ್ಘಾಟನೆಗೆ ಟೇಪು ಕತ್ತರಿಸುವವರು ಸಿಗುತ್ತಾರೆ, ಏಣಿ ಹತ್ತಿ ಧೂಳು ಒರೆಸುವವರು ಸಿಗುವುದಿಲ್ಲ.

ವರ್ತಕರ ಸಂಘಗಳು ಮನಸ್ಸು ಮಾಡಿದರೆ ಇದಕ್ಕೊಂದು ದಾರಿಯಿದೆ. ಬೀದಿಯ ಹತ್ತು ಅಂಗಡಿಯವರು ಸೇರಿ ಒಬ್ಬ ಹುಡುಗನನ್ನು ಗೊತ್ತು ಮಾಡಿ, ಬೇಸಿಗೆಗೆ ಮುಂಚೆ ಒಂದು ಸಲ, ಮಳೆಗಾಲ ಮುಗಿದ ಮೇಲೆ ಒಂದು ಸಲ ಎಲ್ಲಾ ಕ್ಯಾಮೆರಾಗಳನ್ನು ನೋಡಿಸಬಹುದು. ಹೊಸದಾಗಿ ಹಾಕಿಸುವವರು ಬಿಲ್ಲಿನ ಮೇಲೆ ಕ್ಯಾಮೆರಾ ಎಷ್ಟು ಡಿಗ್ರಿ ತಡೆಯುತ್ತದೆ, ವಾರಂಟಿ ಎಷ್ಟು ದಿನ ಎಂದು ಬರೆಸಿಕೊಳ್ಳಬಹುದು. ಪುರಸಭೆ, ನಗರಸಭೆ, ಪಂಚಾಯಿತಿಗಳು ಟೆಂಡರ್ ಕರೆಯುವಾಗ ಕ್ಯಾಮೆರಾ ಎಷ್ಟು ಎಂಬುದರ ಜೊತೆಗೆ ಮೂರು ವರ್ಷ ನಿರ್ವಹಣೆ ಯಾರದು ಎಂಬ ಸಾಲನ್ನೂ ಸೇರಿಸಬಹುದು.

ಹಿಂದಿನವರು ಕಾವಲಿಗೆ ನಾಯಿ ಸಾಕುತ್ತಿದ್ದರು. ಅದಕ್ಕೆ ಹೊತ್ತುಹೊತ್ತಿಗೆ ಮುದ್ದೆ ಹಾಕಿ, ನೀರಿಟ್ಟು, ಬಿಸಿಲಾದರೆ ನೆರಳಿಗೆ ಕಟ್ಟುತ್ತಿದ್ದರು. ಕ್ಯಾಮೆರಾ ಮುದ್ದೆ ಕೇಳುವುದಿಲ್ಲ, ನೆರಳನ್ನಂತೂ ಕೇಳುತ್ತದೆ. ಇನ್ನೊಂದು ಬೇಸಿಗೆ ಬರುವ ಮೊದಲು ಏಣಿ ಹಾಕಿ ಒಮ್ಮೆ ಮೇಲೆ ಹತ್ತುವುದು ಅಂಗಡಿಯವರಿಗೆ ಬಿಟ್ಟದ್ದು.